ಕೌವನ್ ಬ್ರಿಜ್‌ನ ಹತ್ತು ತಿಂಗಳು

ಉತ್ತರ ಇಂಗ್ಲೆಂಡಿನ ಲಂಕಾಷೈರ್ ಸೀಮೆಯಲ್ಲಿ ಕೌವನ್ ಬ್ರಿಜ್ ಎಂಬುದೊಂದು ಹಳ್ಳಿ. ಅಲ್ಲಿ 1824ರ ಜನವರಿಯಲ್ಲಿ ಹೆಣ್ಣುಮಕ್ಕಳ ವಸತಿಶಾಲೆಯೊಂದು ತೆರೆಯಿತು. ಹೊಸದಾಗಿ ಬಂದ ಪ್ರತಿಯೊಬ್ಬ ಹುಡುಗಿಯನ್ನೂ ಪರೀಕ್ಷಿಸಿ, ಆಕೆಗೆ ಏನು ಬರುತ್ತದೆ, ಏನು ಬಾರದು ಎಂಬುದನ್ನು ದಾಖಲೆ ಪುಸ್ತಕದಲ್ಲಿ ಎರಡು ಮೂರು ಸಾಲುಗಳಲ್ಲಿ ಬರೆದಿಡುವುದು ಆ ಶಾಲೆಯ ಪದ್ಧತಿ. ಆ ವರ್ಷದ ಆಗಸ್ಟ್ 10ರಂದು ಸೇರಿದ ಎಂಟು ವರ್ಷದ ಒಬ್ಬ ಹುಡುಗಿಯ ಹೆಸರಿನ ಮುಂದೆ ಬರೆದಿರುವುದರ ತಾತ್ಪರ್ಯ ಇಷ್ಟು: ಓದು ಪರವಾಗಿಲ್ಲ; ಬರವಣಿಗೆ ಅಷ್ಟಕ್ಕಷ್ಟೆ; ಲೆಕ್ಕ ಸ್ವಲ್ಪ ಬರುತ್ತದೆ; ಹೊಲಿಗೆ ಅಚ್ಚುಕಟ್ಟು; ವ್ಯಾಕರಣ, ಭೂಗೋಳ, ಚರಿತ್ರೆ ಯಾವುದೂ ತಿಳಿಯದು; ವಯಸ್ಸಿಗೆ ಜಾಣೆಯೇ ಸರಿ, ಆದರೆ ಕ್ರಮವಾಗಿ ಕಲಿತದ್ದು ಏನೂ ಇಲ್ಲ. ಮುಂದೆ ಆಕೆ ಹಿಡಿಯಬೇಕಾದ ಉದ್ಯೋಗವನ್ನೂ ಅಲ್ಲಿಯೇ ಗುರುತುಹಾಕಿದ್ದಾರೆ: ಗವರ್ನೆಸ್, ಅಂದರೆ ಉಳ್ಳವರ ಮನೆಯಲ್ಲಿದ್ದು ಅವರ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ.

ಆ ಹುಡುಗಿಯ ಹೆಸರು ಶಾರ್ಲೆಟ್ ಬ್ರಾಂಟೆ. ಆಕೆ ಆ ಶಾಲೆಯಲ್ಲಿದ್ದದ್ದು ಹತ್ತು ತಿಂಗಳಿಗೂ ಕಡಿಮೆ. ಇಪ್ಪತ್ಮೂರು ವರ್ಷಗಳ ಮೇಲೆ, 1847ರ ಅಕ್ಟೋಬರಿನಲ್ಲಿ, ‘ಜೇನ್ ಏರ್’ ಕಾದಂಬರಿ ಹೊರಬಂದಾಗ, ಅದರ ಮೊದಲ ಭಾಗದಲ್ಲಿ ಬರುವ ಲೋವುಡ್ ಎಂಬ ಶಾಲೆಯನ್ನು ಓದಿ ಇಂಗ್ಲೆಂಡಿನ ಜನ ಬೆಚ್ಚಿದರು. ನಿಮ್ಮಲ್ಲಿ ಬಹುಮಂದಿ ಆ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲಿಯೇ ಓದಿರಬಹುದು. ಸೀದು ಹೋದ ಗಂಜಿ, ಹೂಜಿಯಲ್ಲಿ ಹೆಪ್ಪುಗಟ್ಟಿದ ನೀರು, ಆರು ಹುಡುಗಿಯರಿಗೆ ಒಂದೇ ಬೋಗುಣಿ, ಸದ್ದಿಲ್ಲದೆ ಸಾಯುವ ಹೆಲೆನ್ ಬರ್ನ್ಸ್: ಇವನ್ನು ಒಮ್ಮೆ ಓದಿದವರು ಮರೆಯಲಾರರು. ಶಾಲೆಯು ಹುಡುಗಿಯನ್ನು ಕುರಿತು ಬರೆದ ಮಾತು ಒಂದು ಕಡೆ, ಹುಡುಗಿ ಶಾಲೆಯನ್ನು ಕುರಿತು ಬರೆದ ಮಾತು ಇನ್ನೊಂದು ಕಡೆ. ಎಂಟು ವರ್ಷದ ಮಗುವಿನ ಕಣ್ಣು ಕಂಡದ್ದನ್ನು ಚರಿತ್ರೆ ಎಂದು ಒಪ್ಪಬಹುದೆ ಎಂಬುದು ಈ ಎರಡು ದಾಖಲೆಗಳ ನಡುವೆ ನಿಂತಿರುವ ಪ್ರಶ್ನೆ. ಆ ಪ್ರಶ್ನೆಗೆ ಶಾರ್ಲೆಟ್ ಸತ್ತ ಮೇಲೂ ಜಗಳ ನಡೆಯಿತು.

ಮೊದಲು ಆ ಮಕ್ಕಳು ಶಾಲೆಗೆ ಬಂದದ್ದೇಕೆ ಎಂಬುದನ್ನು ನೋಡಬೇಕು. ತಂದೆ ಪ್ಯಾಟ್ರಿಕ್ ಬ್ರಾಂಟೆ ಐರ್ಲೆಂಡಿನ ಬಡ ಕುಟುಂಬದಿಂದ ಬಂದು, ಸ್ವಂತ ಛಲದಿಂದ ಕೇಂಬ್ರಿಜ್‌ನಲ್ಲಿ ಓದಿ, 1820ರಿಂದ ಯಾರ್ಕ್‌ಷೈರಿನ ಹಾವರ್ತ್ ಎಂಬ ಬೆಟ್ಟದೂರಿನಲ್ಲಿ ಪಾದ್ರಿಯಾಗಿದ್ದವನು. ವರ್ಷಕ್ಕೆ ಸುಮಾರು 200 ಪೌಂಡು ಸಂಬಳ, ವಾಸಕ್ಕೆ ಚರ್ಚಿನ ಮನೆ. 1821ರ ಸೆಪ್ಟೆಂಬರಿನಲ್ಲಿ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಾಗ ಹಿಂದೆ ಉಳಿದದ್ದು ಆರು ಮಕ್ಕಳು: ಮರಿಯಾ, ಎಲಿಜಬೆತ್, ಶಾರ್ಲೆಟ್, ಗಂಡುಮಗ ಬ್ರಾನ್‌ವೆಲ್, ಎಮಿಲಿ, ಆನ್. ಹಿರಿಯವಳಿಗೆ ಆಗ ಏಳು ವರ್ಷ. ಕಿರಿಯವಳಿಗೆ ಎರಡು ತುಂಬಿರಲಿಲ್ಲ. ತಾಯಿಯ ಅಕ್ಕ ಬಂದು ಮನೆಯನ್ನು ನೋಡಿಕೊಂಡಳು. ಆದರೆ ಒಂದು ಭಯ ಆ ಮನೆಯನ್ನು ಎಂದೂ ಬಿಟ್ಟಿರಲಿಲ್ಲ. ಚರ್ಚಿನ ಮನೆ ತಂದೆಯ ಕೆಲಸಕ್ಕೆ ಅಂಟಿಕೊಂಡದ್ದು. ಆತ ಕಣ್ಣು ಮುಚ್ಚಿದ ದಿನವೇ ಹೆಣ್ಣುಮಕ್ಕಳು ಬೀದಿಗೆ ಬೀಳುತ್ತಾರೆ. ವರದಕ್ಷಿಣೆಗೆ ಹಣವಿಲ್ಲದ, ಆದರೆ ‘ಮರ್ಯಾದಸ್ಥರ’ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಅಂದಿನ ಇಂಗ್ಲೆಂಡಿನಲ್ಲಿ ತೆರೆದಿದ್ದ ದಾರಿ ಹೆಚ್ಚುಕಡಿಮೆ ಒಂದೇ, ಗವರ್ನೆಸ್ ಆಗುವುದು. ಅದಕ್ಕೆ ಫ್ರೆಂಚ್ ಬರಬೇಕು, ಸಂಗೀತ ಬರಬೇಕು, ಚಿತ್ರ ಬರೆಯಲು ಬರಬೇಕು. ಬರಿಯ ಬುದ್ಧಿ ಇದ್ದರೆ ಸಾಲದು.

ಬುದ್ಧಿಗೇನೋ ಆ ಮನೆಯಲ್ಲಿ ಬರವಿರಲಿಲ್ಲ. ಮರಿಯಾ ಎಳೆಯ ವಯಸ್ಸಿನಲ್ಲಿಯೇ ವೃತ್ತಪತ್ರಿಕೆಯನ್ನು ಹಿಡಿದು ಕುಳಿತು, ಪಾರ್ಲಿಮೆಂಟಿನ ಚರ್ಚೆಗಳನ್ನು ತಮ್ಮ ತಂಗಿಯರಿಗೆ ಬಿಡಿಸಿ ಹೇಳುತ್ತಿದ್ದಳಂತೆ. ದೇಶದ ಯಾವ ಮುಖ್ಯ ವಿಷಯವನ್ನಾದರೂ ಆ ಮಗುವಿನೊಡನೆ, ದೊಡ್ಡವರೊಡನೆ ಮಾತನಾಡುವಂತೆ ಮಾತನಾಡಬಹುದಾಗಿತ್ತು ಎಂದು ಮುಪ್ಪಿನಲ್ಲಿ ತಂದೆ ನೆನೆದಿದ್ದಾನೆ. ಮಕ್ಕಳು ಅಳುಕಿಲ್ಲದೆ ಮಾತನಾಡಲಿ ಎಂದು ಒಂದು ದಿನ ಅವರಿಗೆ ಮುಖವಾಡ ತೊಡಿಸಿ ಒಬ್ಬೊಬ್ಬರನ್ನೂ ಪ್ರಶ್ನಿಸಿದನಂತೆ. ಹೆಣ್ಣಿಗೆ ಎಂಥ ವಿದ್ಯೆ ಉತ್ತಮ ಎಂಬ ಪ್ರಶ್ನೆ ಬಂದದ್ದು ಎಲಿಜಬೆತ್ತಳ ಪಾಲಿಗೆ. ಮನೆಯನ್ನು ಚೆನ್ನಾಗಿ ನಡೆಸಲು ಕಲಿಸುವ ವಿದ್ಯೆ ಎಂದು ಅವಳು ಉತ್ತರ ಕೊಟ್ಟಳು. ಈಗ ಶಾಲೆಯ ದಾಖಲೆ ಪುಸ್ತಕವನ್ನು ತಿರುವಿ ನೋಡಿದರೆ ಮರಿಯಾಳ ಹೆಸರಿನ ಮುಂದೆ ಓದು ಪರವಾಗಿಲ್ಲ, ಹೊಲಿಗೆ ಬಹಳ ಕೆಟ್ಟದ್ದು ಎಂದಿದೆ. ಎಲಿಜಬೆತ್ತಳ ಹೊಲಿಗೆಯೂ ಬಹಳ ಕೆಟ್ಟದ್ದೇ. ಇಂಗ್ಲಿಷಿನಲ್ಲಿ ಅಲ್ಲಿ ಬಳಸಿರುವುದು ‘ಕೆಲಸ’ ಎಂಬ ಅರ್ಥದ ಮಾತು. ಹೆಣ್ಣುಮಗುವಿನ ವಿಷಯದಲ್ಲಿ ಕೆಲಸ ಎಂದರೆ ಸೂಜಿ ದಾರದ ಕೆಲಸ ಎಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಆ ಕಾಲದ ಭಾಷೆಯೇ ಅದನ್ನು ತೀರ್ಮಾನಿಸಿಬಿಟ್ಟಿತ್ತು.

ಇನ್ನು ಶಾಲೆಯ ಮಾತು. ಅದರ ಸ್ಥಾಪಕ ರೆವರೆಂಡ್ ವಿಲಿಯಂ ಕೇರಸ್ ವಿಲ್ಸನ್, ಆ ಭಾಗದ ಸ್ಥಿತಿವಂತರ ಮನೆತನದವನು, ಪಕ್ಕದ ಟನ್‌ಸ್ಟಾಲ್ ಗ್ರಾಮದ ಪಾದ್ರಿ. ಬಡ ಪಾದ್ರಿಗಳ ಹೆಣ್ಣುಮಕ್ಕಳಿಗೆ ಶಿಕ್ಷಣದ ದಾರಿಯೇ ಇಲ್ಲವಲ್ಲ ಎಂಬ ಕಾಳಜಿ ಆತನದು. ಈ ಕಾಳಜಿ ಪ್ರಾಮಾಣಿಕವಾದದ್ದೆಂದು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಊಟ, ವಸತಿ, ಬಟ್ಟೆ, ಪಾಠ ಎಲ್ಲಕ್ಕೂ ಸೇರಿ ವರ್ಷಕ್ಕೆ 14 ಪೌಂಡು; ಅದರಲ್ಲಿ ಅರ್ಧವನ್ನು ಮುಂಗಡವಾಗಿ ಕೊಡಬೇಕು; ಪುಸ್ತಕಗಳಿಗೆಂದು ಸೇರುವಾಗ 1 ಪೌಂಡು; ಸಂಗೀತವೋ ಚಿತ್ರಕಲೆಯೋ ಬೇಕಾದರೆ ಒಂದೊಂದಕ್ಕೂ 3 ಪೌಂಡು ಹೆಚ್ಚು. ಇತಿಹಾಸ, ಭೂಗೋಳ, ವ್ಯಾಕರಣ, ಲೆಕ್ಕದ ಜೊತೆಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ನಯಗಾರಿಕೆಯೂ ಪಾಠಪಟ್ಟಿಯಲ್ಲಿತ್ತು. 14 ಪೌಂಡಿನಲ್ಲಿ ಒಬ್ಬ ಹುಡುಗಿಯ ಖರ್ಚು ತೂಗುವಂತಿರಲಿಲ್ಲ. ಉಳಿದದ್ದನ್ನು ದಾನಿಗಳಿಂದ ಚಂದಾ ಎತ್ತಿ ತುಂಬುತ್ತಿದ್ದರು. ದಾನಿಗಳ ಪಟ್ಟಿಯಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸನ ಹೆಸರಿತ್ತು. ಪ್ಯಾಟ್ರಿಕ್‌ಗೆ ಅದೊಂದೇ ಸಾಕು ಎನಿಸಿರಬೇಕು. ಕೇಂಬ್ರಿಜ್‌ನಲ್ಲಿ ಅವನು ಕೈಯಲ್ಲಿ ಕಾಸಿಲ್ಲದೆ ಓದುತ್ತಿದ್ದಾಗ, ಹೆನ್ರಿ ಮಾರ್ಟಿನ್ ಎಂಬ ಗೆಳೆಯನ ಪತ್ರದ ಮೇಲೆ ನೆರವು ನೀಡಿದವನು ಇದೇ ವಿಲ್ಬರ್‌ಫೋರ್ಸ್. ಆ ಮಾರ್ಟಿನ್ ನಮಗೂ ತೀರ ಅಪರಿಚಿತನಲ್ಲ. 1806ರಲ್ಲಿ ಕಲ್ಕತ್ತೆಗೆ ಬಂದು, ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಿರುಗಿಸಿದವನು ಅವನೇ. ‘ಜೇನ್ ಏರ್’ನಲ್ಲಿ ಹಿಂದೂಸ್ತಾನಿ ಕಲಿತು ಭಾರತಕ್ಕೆ ಹೊರಡುವ ಸೇಂಟ್ ಜಾನ್ ರಿವರ್ಸ್‌ನ ಹಿಂದೆ ಮಾರ್ಟಿನ್‌ನ ನೆರಳಿದೆ ಎಂದು ವಿಮರ್ಶಕರು ಹೇಳುತ್ತಾರೆ. ಅದಿರಲಿ.

1824ರ ಜುಲೈ 21ರಂದು ಮರಿಯಾ, ಎಲಿಜಬೆತ್ ಇಬ್ಬರೂ ಶಾಲೆಗೆ ಸೇರಿದರು. ದಡಾರ, ನಾಯಿಕೆಮ್ಮು ಎರಡೂ ಬಂದುಹೋಗಿ ಅವರಿನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಲ. ಆಗಸ್ಟಿನಲ್ಲಿ ಶಾರ್ಲೆಟ್, ನವೆಂಬರ್ 25ರಂದು ಆರು ವರ್ಷದ ಎಮಿಲಿ. ನಾಲ್ವರಿಗೆ ಕನಿಷ್ಠ 56 ಪೌಂಡು, ಅಂದರೆ ತಂದೆಯ ವರಮಾನದಲ್ಲಿ ಕಾಲುಭಾಗಕ್ಕೂ ಮಿಕ್ಕಿ. ಮಕ್ಕಳನ್ನು ಅಗ್ಗದ ಶಾಲೆಗೆ ನೂಕಿ ಕೈತೊಳೆದುಕೊಂಡ ಎಂದು ಪ್ಯಾಟ್ರಿಕ್‌ನನ್ನು ದೂರುವವರು ಈ ಲೆಕ್ಕವನ್ನು ನೋಡಬೇಕು. ಇನ್ನೊಂದು ಲೆಕ್ಕವೂ ಇದೆ. ಈ ಶಿಕ್ಷಣವನ್ನೆಲ್ಲ ಪಡೆದು 1841ರಲ್ಲಿ ಶಾರ್ಲೆಟ್ ಒಂದು ಮನೆಯಲ್ಲಿ ಗವರ್ನೆಸ್ ಆಗಿ ಸೇರಿದಾಗ ಆಕೆಗೆ ಗೊತ್ತಾದ ಸಂಬಳ ವರ್ಷಕ್ಕೆ 20 ಪೌಂಡು. ಬಟ್ಟೆ ಒಗೆಸಿದ ಬಾಬ್ತು ಕಳೆದರೆ ಕೈಗೆ ಬರುತ್ತಿದ್ದುದು 16.

ಶಾಲೆಯ ಕಟ್ಟಡ ಹಳೆಯ ಮನೆಗಳ ಒಂದು ಸಾಲು, ಅದಕ್ಕೆ ಕೂಡಿಸಿದ ಒಂದು ಉದ್ದನೆಯ ಅಂಕಣ. ಪಕ್ಕದಲ್ಲಿ ಲೆಕ್ ಎಂಬ ಹಳ್ಳ ಹರಿಯುತ್ತದೆ. ಬೇಸಿಗೆಯಲ್ಲಿ ನೋಡಿದರೆ ರಮ್ಯವಾದ ಜಾಗ. ಹುಡುಗಿಯರಿಗೆ ಒಂದೇ ಬಗೆಯ ಉಡುಪು: ಹುಲ್ಲಿನ ಸಾದಾ ಟೋಪಿ, ಬೇಸಿಗೆಯಲ್ಲಿ ಭಾನುವಾರ ಬಿಳಿ ಅಂಗಿ, ಉಳಿದ ದಿನ ಒರಟು ಹತ್ತಿಯ ಹಳದಿ ಅಂಗಿ, ಚಳಿಗಾಲದಲ್ಲಿ ನೇರಳೆ ಬಣ್ಣದ ಅಂಗಿ ಮತ್ತು ಮೇಲುಹೊದಿಕೆ. ದಾರಿಯಲ್ಲಿ ಸಾಲಾಗಿ ಹೋಗುತ್ತಿದ್ದರೆ ದಾನದ ಶಾಲೆಯ ಮಕ್ಕಳು ಎಂದು ಯಾರಿಗಾದರೂ ತಿಳಿಯುವಂತಿತ್ತು. ಹೀಗೆ ತಿಳಿಯುವಂತಿರುವುದು ಒಳ್ಳೆಯದೆಂದೇ ಕೇರಸ್ ವಿಲ್ಸನ್‌ನ ನಂಬಿಕೆ. ಪರರ ದಯೆಯಿಂದ ಬದುಕುತ್ತಿದ್ದೀರಿ ಎಂದು ಮೇಲಿಂದ ಮೇಲೆ ನೆನಪಿಸಿದರೆ ಹುಡುಗಿಯರಲ್ಲಿ ವಿನಯ ಬೆಳೆಯುತ್ತದೆ ಎಂದು ಆತ ತಿಳಿದಿದ್ದನೆಂದೂ, ಮನುಷ್ಯಸ್ವಭಾವದ ಅರಿವು ಆತನಿಗೆ ಅಷ್ಟೇ ಇತ್ತೆಂದೂ ಶಾರ್ಲೆಟ್‌ಳ ಜೀವನಚರಿತ್ರೆಯನ್ನು ಬರೆದ ಶ್ರೀಮತಿ ಗ್ಯಾಸ್ಕೆಲ್ ಟೀಕಿಸಿದ್ದಾಳೆ. ನಮ್ಮಲ್ಲಿ ವಾರಾನ್ನ ಉಂಡು ಓದಿದ ಹಿಂದಿನ ತಲೆಮಾರಿನವರಿಗೆ ಈ ಮಾತಿನ ಒಳಗನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಏಳು ಮನೆಗಳಲ್ಲಿ ಆರು ಮನೆಯ ಅನ್ನ ಮರೆತುಹೋಗುತ್ತದೆ, ಬಡಿಸುವಾಗ ಒಂದು ಮಾತು ಆಡಿದ ಮನೆ ಮಾತ್ರ ಸಾಯುವವರೆಗೂ ನೆನಪಿರುತ್ತದೆ.

ಈ ಕೇರಸ್ ವಿಲ್ಸನ್ ಮಕ್ಕಳಿಗಾಗಿ ‘ಮಕ್ಕಳ ಗೆಳೆಯ’ ಎಂಬರ್ಥದ ಹೆಸರಿನ ಒಂದು ಮಾಸಪತ್ರಿಕೆಯನ್ನೂ 1824ರಲ್ಲಿ ಆರಂಭಿಸಿದ. ಅದರ ತುಂಬ ಮಕ್ಕಳ ಮರಣಶಯ್ಯೆಯ ಕಥೆಗಳು. ಒಳ್ಳೆಯ ಮಗು ದೇವರನ್ನು ನೆನೆದು ಸುಖವಾಗಿ ಸಾಯುತ್ತದೆ, ಕೆಟ್ಟ ಮಗು ಹಠಾತ್ತನೆ ಸತ್ತು ನರಕಕ್ಕೆ ಹೋಗುತ್ತದೆ. ಮಕ್ಕಳು ಸಾಯುವುದು ದಿನದ ಮಾತಾಗಿದ್ದ ಕಾಲದಲ್ಲಿ ಇಂಥ ಬರಹಕ್ಕೆ ಓದುಗರೂ ಇದ್ದರು. ಕ್ರೌರ್ಯಕ್ಕಾಗಿ ಬರೆದದ್ದಲ್ಲ ಅದು. ಆದರೆ ಸಾವಿನ ಕಥೆಯನ್ನು ಹೇಳಿಕೊಡುವುದರಲ್ಲಿ ತೋರಿದ ಶ್ರದ್ಧೆಯಲ್ಲಿ ಒಂದು ಪಾಲು ಅಡಿಗೆಮನೆಯ ಕಡೆ ಹರಿದಿದ್ದರೆ ಎಂದು ಓದುವವರಿಗೆ ಅನ್ನಿಸದಿರದು.

ಅಡಿಗೆಮನೆಯ ವಿಷಯಕ್ಕೆ ಬರೋಣ. ಅಲ್ಲಿಗೆ ತರಿಸುತ್ತಿದ್ದ ಸಾಮಗ್ರಿ ಸಾಕಷ್ಟಿತ್ತು, ಅದರ ಗುಣವೂ ಕೆಟ್ಟದ್ದಲ್ಲ, ಹಾಳು ಮಾಡಿದವಳು ಅಡಿಗೆಯವಳು ಎಂಬುದು ಶ್ರೀಮತಿ ಗ್ಯಾಸ್ಕೆಲ್ ವಿಚಾರಿಸಿ ತಿಳಿದ ಸಂಗತಿ. ಬೆಳಗಿನ ಓಟ್ಸ್ ಗಂಜಿ ಆಗಾಗ ತಳ ಹಿಡಿದು ಸೀದಿರುತ್ತಿತ್ತು, ಬೇಡದ ವಸ್ತುಗಳೂ ಅದರಲ್ಲಿ ಸಿಕ್ಕುತ್ತಿದ್ದವು. ಪಾತ್ರೆಯ ಕೊಳೆಯಿಂದ ಹಾಲು ಕೆಡುತ್ತಿತ್ತು. ಅಕ್ಕಿಯ ಪಾಯಸದಂಥ ತಿನಿಸನ್ನು ಮಾಡಲು ಸೂರಿನಿಂದ ಇಳಿದು ಮರದ ತೊಟ್ಟಿಯಲ್ಲಿ ನಿಂತ ಮಳೆನೀರೇ ಆಗಿತ್ತು. ಸೂರಿನ ಧೂಳೂ ಅದರೊಡನೆ ಇಳಿಯುತ್ತಿತ್ತು. ಶನಿವಾರ ಬಂತೆಂದರೆ ವಾರವಿಡೀ ಉಳಿದ ಚೂರುಪಾರುಗಳನ್ನೆಲ್ಲ ಆಲೂಗೆಡ್ಡೆಯೊಡನೆ ಬೆರಸಿ ಬೇಯಿಸಿದ ಒಂದು ಪದಾರ್ಥ. ಹಾವರ್ತ್‌ನ ಮನೆಯಲ್ಲಿ ಊಟ ಸರಳವಾಗಿದ್ದರೂ ಶುಚಿಯಾಗಿರುತ್ತಿತ್ತು. ಶುಚಿಯಾದ ಬಡತನದಲ್ಲಿ ಬೆಳೆದ ಮಕ್ಕಳಿಗೆ ಕೊಳಕು ಊಟ ಗಂಟಲಲ್ಲಿ ಇಳಿಯುವುದಿಲ್ಲ, ಹಸಿದೇ ಏಳುತ್ತಿದ್ದರು.

ಭಾನುವಾರ ಬಂದರೆ ಟನ್‌ಸ್ಟಾಲ್ ಚರ್ಚಿಗೆ ಎರಡು ಮೈಲಿಗೂ ಮೀರಿದ ನಡಿಗೆ. ಸ್ಥಾಪಕನ ಚರ್ಚು ಅದೇ ಆದ್ದರಿಂದ ಅಲ್ಲಿಗೇ ಹೋಗಬೇಕು. ಹಿಮದಲ್ಲಿಯೋ ಮಳೆಯಲ್ಲಿಯೋ ನಡೆದು, ಒದ್ದೆಯಾದ ಕಾಲುಗಳಲ್ಲಿ, ಬೆಂಕಿಯ ಏರ್ಪಾಡಿಲ್ಲದ ಆ ಕಲ್ಲುಕಟ್ಟಡದಲ್ಲಿ ಬೆಳಗಿನ ಪ್ರಾರ್ಥನೆ. ಮಧ್ಯಾಹ್ನ ಮತ್ತೆ ಪ್ರಾರ್ಥನೆಯಿರುವುದರಿಂದ ಹಿಂದಿರುಗುವಂತಿಲ್ಲ. ಜೊತೆಯಲ್ಲಿ ತಂದ ತಣ್ಣನೆಯ ಬುತ್ತಿಯನ್ನು ಮುಖಮಂಟಪದ ಮೇಲಿನ ಒಂದು ಕೋಣೆಯಲ್ಲಿ ಕುಳಿತು ತಿನ್ನಬೇಕು. ಆ ಕೋಣೆ ಇಂದಿಗೂ ಇದೆ. ಶಾಲೆಗೆ ಮರಳಿ ಬೆಂಕಿಯ ಬಳಿ ಹೋದರೆ ಅಲ್ಲಿ ದೊಡ್ಡ ಹುಡುಗಿಯರು ಎರಡು ಸಾಲು ಸುತ್ತುಗಟ್ಟಿ ನಿಂತಿರುತ್ತಿದ್ದರು, ಚಿಕ್ಕವರು ಹಿಂದೆ ಮುದುರಿಕೊಳ್ಳುತ್ತಿದ್ದರು ಎಂದು ಕಾದಂಬರಿಯಲ್ಲಿದೆ. ವಸತಿಶಾಲೆಯಲ್ಲಿ ಇದ್ದವರು ಯಾರೂ ಇದನ್ನು ಕಲ್ಪನೆ ಎನ್ನಲಾರರು.

ಶಾಲೆಯಲ್ಲಿ ಎಲ್ಲರೂ ಕಠಿಣಹೃದಯರಾಗಿದ್ದರೆಂದು ತಿಳಿಯಬಾರದು. ಮೇಲ್ವಿಚಾರಕಿ ಆನ್ ಇವಾನ್ಸ್ ಸಹೃದಯೆ; ಕಾದಂಬರಿಯ ಮಿಸ್ ಟೆಂಪಲ್ ಆಕೆಯೇ. ಎಲಿಜಬೆತ್ತಳಿಗೆ ಒಮ್ಮೆ ತಲೆಗೆ ದೊಡ್ಡ ಗಾಯವಾದಾಗ ಆ ಮಗುವನ್ನು ಕೆಲವು ದಿನ ತನ್ನ ಕೋಣೆಯಲ್ಲಿಯೇ ಇರಿಸಿಕೊಂಡು ನೋಡಿಕೊಂಡಳು. ಮಗು ನೋವನ್ನೆಲ್ಲ ತುಟಿಪಿಟಕ್ಕೆನ್ನದೆ ಸಹಿಸಿತೆಂದು ಆಕೆ ಬಹುಕಾಲದ ಮೇಲೆ ಬರೆದಿದ್ದಾಳೆ. ಎಲಿಜಬೆತ್ತಳನ್ನು ಕುರಿತು ಹೊರಗಿನವರೊಬ್ಬರು ಬರೆದಿಟ್ಟ ನೆನಪು ಎಂದರೆ ಹೆಚ್ಚುಕಡಿಮೆ ಇದೊಂದೇ. ಎಮಿಲಿ ಎಲ್ಲರ ಮುದ್ದಿನ ಮಗುವಾಗಿದ್ದಳು.

ಕಷ್ಟ ಬಂದದ್ದು ಮರಿಯಾಳಿಗೆ. ಹತ್ತು ವರ್ಷದ, ಮೈಯಲ್ಲಿ ಆರೋಗ್ಯವಿಲ್ಲದ, ಮನಸ್ಸು ಎಲ್ಲಿಯೋ ಇರುವ ಮಗು. ಪೆಟ್ಟಿಗೆಯಲ್ಲಿ ಬಟ್ಟೆ ಮಡಿಸಿಡುವುದು ಅವಳಿಗೆ ಮರೆಯುತ್ತದೆ, ಹೊಲಿಗೆ ಡೊಂಕಾಗುತ್ತದೆ. ಆಂಡ್ರೂಸ್ ಎಂಬ ಉಪಾಧ್ಯಾಯಿನಿಗೆ ಇವಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಬೆಳಗಿನ ಘಟನೆಯನ್ನು, ಅದೇ ಕೋಣೆಯಲ್ಲಿ ಮಲಗುತ್ತಿದ್ದ ಒಬ್ಬ ಸಹಪಾಠಿ ಮೂವತ್ತು ವರ್ಷಗಳ ಮೇಲೆ ಶ್ರೀಮತಿ ಗ್ಯಾಸ್ಕೆಲ್‌ಗೆ ತಿಳಿಸಿದಳು. ಮರಿಯಾಳ ಎದೆಯ ಬೇನೆಗೆಂದು ಪಕ್ಕೆಯ ಮೇಲೆ ಔಷಧಿಯ ಪಟ್ಟು ಹಾಕಿ ಬೊಬ್ಬೆ ಎಬ್ಬಿಸಿದ್ದರು. ಅದು ಅಂದಿನ ಚಿಕಿತ್ಸೆ. ಗಾಯ ಇನ್ನೂ ಹಸಿಯಾಗಿತ್ತು. ಏಳುವ ಗಂಟೆ ಹೊಡೆಯಿತು. ತನಗೆ ಬಹಳ ಕಷ್ಟವಾಗುತ್ತಿದೆ, ಮಲಗಿರಲು ಬಿಟ್ಟರೆ ಸಾಕು ಎಂದು ಅವಳು ನರಳಿದಳು. ಮಲಗಿರು, ನಾವು ಮೇಲ್ವಿಚಾರಕಿಗೆ ಹೇಳುತ್ತೇವೆ ಎಂದು ಕೆಲವರು ಧೈರ್ಯ ಹೇಳಿದರು. ಆದರೆ ಮೇಲ್ವಿಚಾರಕಿ ಇನ್ನೂ ಎದ್ದಿರಲಿಲ್ಲ, ಆಂಡ್ರೂಸಳ ಕೋಣೆ ಪಕ್ಕದಲ್ಲಿಯೇ. ಮಗು ಚಳಿಗೆ ನಡುಗುತ್ತ, ಹಾಸಿಗೆಯಲ್ಲಿ ಕುಳಿತೇ, ತನ್ನ ಬಡಕಲು ಕಾಲುಗಳಿಗೆ ಕಪ್ಪು ಉಣ್ಣೆಯ ಕಾಲುಚೀಲವನ್ನು ಮೆಲ್ಲನೆ ಏರಿಸತೊಡಗಿತು. ಅಷ್ಟರಲ್ಲಿ ಆಂಡ್ರೂಸ್ ಬಂದಳು. ಏನು ಎತ್ತ ಎಂದು ಕೇಳಲಿಲ್ಲ. ಗಾಯವಿದ್ದ ಪಕ್ಕದ ತೋಳನ್ನೇ ಹಿಡಿದು ಕೋಣೆಯ ನಡುವಿಗೆ ಎಳೆದುಹಾಕಿ, ಕೊಳಕಿ, ಒಪ್ಪವಿಲ್ಲದವಳು ಎಂದು ಬೈದು ಹೊರಟುಹೋದಳು. ಮರಿಯಾ ಮಾತನಾಡಿದ್ದು ಒಂದಕ್ಕೆ ಮಾತ್ರ, ಸಿಟ್ಟಿಗೆದ್ದಿದ್ದ ಗೆಳತಿಯರನ್ನು ಸುಮ್ಮನಿರಿ ಎಂದು ಬೇಡುವುದಕ್ಕೆ. ನಿಧಾನವಾಗಿ ಬಟ್ಟೆ ತೊಟ್ಟು, ನಿಧಾನವಾಗಿ ಮೆಟ್ಟಿಲಿಳಿದು ಹೋದಳು. ತಡವಾಗಿ ಬಂದದ್ದಕ್ಕೆ ಅವಳಿಗೆ ಶಿಕ್ಷೆಯಾಯಿತು.

ಇದನ್ನು ಹೇಳಿದವಳು ಶಾರ್ಲೆಟ್ ಅಲ್ಲ ಎಂಬುದನ್ನು ಗಮನಿಸಬೇಕು. ಕಾದಂಬರಿಯ ಹೆಲೆನ್ ಬರ್ನ್ಸ್ ಮತ್ತು ಆಕೆಯನ್ನು ಹಿಂಸಿಸುವ ಮಿಸ್ ಸ್ಕ್ಯಾಚರ್ಡ್ ಎಲ್ಲಿಂದ ಬಂದರೆಂಬುದಕ್ಕೆ ಇದು ಬೇರೆ ಬಾಯಿಂದ ಬಂದ ಸಾಕ್ಷಿ.

1825ರ ಫೆಬ್ರವರಿಯ ಹೊತ್ತಿಗೆ ಮರಿಯಾಳ ಸ್ಥಿತಿ ಮುಚ್ಚಿಡುವಂತಿರಲಿಲ್ಲ. ಕರೆ ಬಂದು ತಂದೆ ಧಾವಿಸಿದ. ಮಗಳಿಗೆ ಇಷ್ಟು ಕಾಯಿಲೆಯೆಂದು ಆತನಿಗೆ ಅದುವರೆಗೆ ತಿಳಿದೇ ಇರಲಿಲ್ಲ. 14ರಂದು ಅವಳನ್ನು ಲೀಡ್ಸ್ ಕೋಚಿನಲ್ಲಿ ಕರೆದೊಯ್ಯುವಾಗ ಹುಡುಗಿಯರು ರಸ್ತೆಗೆ ಬಂದು, ಗಾಡಿ ಸೇತುವೆ ದಾಟಿ ಮರೆಯಾಗುವವರೆಗೆ ನೋಡುತ್ತ ನಿಂತರು. ಮೇ 6ರಂದು ಅವಳು ಹಾವರ್ತ್‌ನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಶಾಲೆಗೆ ಜ್ವರ ನುಗ್ಗಿತ್ತು. ಸುಮಾರು ನಲವತ್ತು ಹುಡುಗಿಯರು ಮಲಗಿದರೆಂದು ಗ್ಯಾಸ್ಕೆಲ್ ಬರೆಯುತ್ತಾಳೆ. ನೋಡಲು ಕರೆಸಿದ ವೈದ್ಯ, ಸ್ಥಾಪಕನ ಭಾವಮೈದುನನೇ, ಶಾಲೆಯ ಊಟವನ್ನು ಬಾಯಿಗಿಟ್ಟು ಉಗುಳಿಬಿಟ್ಟನಂತೆ. ಅಡಿಗೆಯವಳನ್ನು ಆಗ ತೆಗೆದುಹಾಕಿದರು. ಬ್ರಾಂಟೆ ಸೋದರಿಯರಿಗೆ ಜ್ವರ ತಗಲಲಿಲ್ಲ. ಆದರೆ ಎಲಿಜಬೆತ್ತಳಲ್ಲಿ ಅಕ್ಕನ ಲಕ್ಷಣಗಳೇ ಕಾಣಿಸಿಕೊಂಡವು. ಮೇ 31ರಂದು ಅವಳನ್ನು ಮನೆಗೆ ಕಳುಹಿಸಿದರು. ಮಗುವಿನ ಮುಖ ನೋಡಿದ ತಂದೆ ಮರುದಿನವೇ ಹೊರಟು ಬಂದು ಶಾರ್ಲೆಟ್, ಎಮಿಲಿ ಇಬ್ಬರನ್ನೂ ಕರೆದುಕೊಂಡು ಹೋದ. ಜೂನ್ 15ರಂದು ಎಲಿಜಬೆತ್ ತೀರಿಕೊಂಡಳು. ಮರಿಯಾಳಿಗೆ ಹನ್ನೊಂದು, ಇವಳಿಗೆ ಹತ್ತು. ತಾಯಿಯಿಲ್ಲದ ಆ ಮನೆಯಲ್ಲಿ ಒಂಬತ್ತು ವರ್ಷದ ಶಾರ್ಲೆಟ್ ಈಗ ಹಿರಿಯ ಮಗಳು.

ಇಬ್ಬರನ್ನೂ ಒಯ್ದದ್ದು ಕ್ಷಯ. ಅದರ ಕ್ರಿಮಿಯನ್ನು ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು 1882ರಲ್ಲಿ. 1825ರಲ್ಲಿ ಅದರ ಕಾರಣ ಯಾರಿಗೂ ಗೊತ್ತಿರಲಿಲ್ಲ. ಸೋಂಕು ಎಲ್ಲಿ ಹತ್ತಿತೋ ಹೇಳಲು ಬಾರದು. ಆ ಮನೆಯ ಉಳಿದವರನ್ನೂ, ಶಾಲೆಯ ಹಂಗಿಲ್ಲದೆಯೇ, ಅದು ಬಿಡಲಿಲ್ಲ: 1848ರ ಸೆಪ್ಟೆಂಬರಿನಲ್ಲಿ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ಎಮಿಲಿ, 1849ರ ಮೇ ತಿಂಗಳಲ್ಲಿ ಆನ್. ಆದ್ದರಿಂದ ಶಾಲೆಯೇ ಇಬ್ಬರನ್ನು ಕೊಂದಿತು ಎಂಬ ಮಾತು ಹೆಚ್ಚಾದೀತು. ಹಸಿವು, ಚಳಿ, ಒದ್ದೆ ಬಟ್ಟೆ, ಕಿಕ್ಕಿರಿದ ಮಲಗುವ ಕೋಣೆ ಇವುಗಳ ನಡುವೆ ರೋಗಿ ಮಗುವನ್ನು ಇರಿಸಿಕೊಂಡು, ಆಕೆಯ ಕೆಮ್ಮನ್ನು ಕೇಳದೆ ಅವಳ ಹೊಲಿಗೆಯನ್ನು ತಿದ್ದುತ್ತಿದ್ದರು ಎಂಬ ಮಾತು ಹೆಚ್ಚಲ್ಲ.

‘ಜೇನ್ ಏರ್’ ಅಚ್ಚಾದದ್ದು ಕರರ್ ಬೆಲ್ ಎಂಬ ಗುಪ್ತನಾಮದಲ್ಲಿ. ಶಾಲೆಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಅವಳು ಹೇಳಿರಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ, ಒಬ್ಬ ಮುದಿ ಪಾದ್ರಿ ಅದನ್ನು ಓದುತ್ತ, ಇದು ಇಂಥ ಶಾಲೆಯೇ, ಈತ ಇಂಥವನೇ ಎಂದು ಉದ್ಗರಿಸಿದ್ದನ್ನು ತಾನು ಕಂಡುದಾಗಿಯೂ, ಆ ಚಿತ್ರಣ ನ್ಯಾಯವಾದದ್ದೆಂದು ಆತ ಒಪ್ಪಿದನೆಂದೂ ಶಾರ್ಲೆಟ್ ತನ್ನ ಪ್ರಕಾಶಕರ ಕಡೆಯ ಮಿತ್ರನಿಗೆ ಬರೆದಿದ್ದಾಳೆ. ಬರೆದವಳು ಎದುರಿಗೇ ಇದ್ದಾಳೆಂದು ಆ ವೃದ್ಧನಿಗೆ ಗೊತ್ತಿರಲಿಲ್ಲ. ಹೆಲೆನ್ ಬರ್ನ್ಸ್ ತೀರ ಆದರ್ಶದ ಪಾತ್ರವಾಯಿತು ಎಂದು ಕೆಲವರಿಗೆ ತೋರಿದಾಗ, ಅಂಥವಳು ನಿಜವಾಗಿಯೂ ಇದ್ದಳು, ಅಲ್ಲಿ ತಾನು ಯಾವುದನ್ನೂ ಹೆಚ್ಚಿಸಿ ಬರೆದಿಲ್ಲ ಎಂದು 1847ರಲ್ಲಿ ಅದೇ ಮಿತ್ರನಿಗೆ ತಿಳಿಸಿದಳು. ಮುಂದೆ ಗ್ಯಾಸ್ಕೆಲ್‌ಳೊಡನೆ ಮಾತನಾಡುವಾಗ, ಜನ ಶಾಲೆಯನ್ನು ಇಷ್ಟು ಬೇಗ ಗುರುತಿಸುವರೆಂದು ತಿಳಿದಿದ್ದರೆ ಹಾಗೆ ಬರೆಯುತ್ತಿರಲಿಲ್ಲ, ಆದರೆ ತಾನು ಕಂಡ ಕಾಲದ ಶಾಲೆಯ ಮಟ್ಟಿಗೆ ಅದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದಳು.

ಶಾರ್ಲೆಟ್ 1855ರ ಮಾರ್ಚ್ 31ರಂದು ತೀರಿಕೊಂಡಳು. 1857ರಲ್ಲಿ ಗ್ಯಾಸ್ಕೆಲ್‌ಳ ಜೀವನಚರಿತ್ರೆ ಶಾಲೆಯ ಹೆಸರನ್ನು ಬಯಲಿಗಿಟ್ಟಿತು. ಕೇರಸ್ ವಿಲ್ಸನ್ ಆಗ ವೃದ್ಧ. ಆತನ ಕಡೆಯವರು ಕೋರ್ಟಿನ ಬೆದರಿಕೆ ಹಾಕಿದರು. ಗ್ಯಾಸ್ಕೆಲ್ ಮೂರನೆಯ ಮುದ್ರಣದಲ್ಲಿ ಕೆಲವು ಮಾತುಗಳನ್ನು ಮೆದುಗೊಳಿಸಬೇಕಾಯಿತು. ‘ಹ್ಯಾಲಿಫ್ಯಾಕ್ಸ್ ಗಾರ್ಡಿಯನ್’ ಪತ್ರಿಕೆಯಲ್ಲಿ ಆತನ ಮಗ ಒಂದು ಕಡೆ, ಶಾರ್ಲೆಟ್‌ಳ ಗಂಡ ಆರ್ಥರ್ ಬೆಲ್ ನಿಕೋಲ್ಸ್ ಇನ್ನೊಂದು ಕಡೆ ನಿಂತು ತಿಂಗಳುಗಟ್ಟಲೆ ಪತ್ರಯುದ್ಧ ನಡೆಸಿದರು. ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಶಾಲೆಯನ್ನು ಹೊಗಳಿ ಬರೆದರು, ಕೆಲವರು ತೆಗಳಿ ಬರೆದರು. ನಿಕೋಲ್ಸ್ ಮಿತಭಾಷಿ, ಪ್ರಚಾರವನ್ನು ದ್ವೇಷಿಸುತ್ತಿದ್ದವನು. ಹೆಂಡತಿಯನ್ನು ಸುಳ್ಳುಗಾತಿ ಎಂದಾಗ ಮಾತ್ರ ಸುಮ್ಮನಿರಲಿಲ್ಲ.

ಶಾಲೆಯ ಪಕ್ಷದವರ ಮುಖ್ಯ ವಾದ ಇದು: ಎಂಟು ಒಂಬತ್ತು ವರ್ಷದ ಕೂಸು, ಅದಕ್ಕೆ ಏನು ತಿಳಿದೀತು? ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಶಾಲೆಯ ಆಯವ್ಯಯ, ಸ್ಥಾಪಕನ ಉದ್ದೇಶ, ದಾನಿಗಳ ಔದಾರ್ಯ ಇವು ಮಗುವಿಗೆ ತಿಳಿಯವು, ನಿಜ. ಕಾದಂಬರಿಯ ಬ್ರಾಕ್‌ಲ್‌ಹರ್ಸ್ಟ್ ಕಪ್ಪು ಕಂಬದಂತೆ ಮೇಲಿನಿಂದ ಬಾಗಿ ನೋಡುತ್ತಾನೆ; ಆತನಲ್ಲಿ ಒಳಿತಿನ ಎಳೆಯೇ ಇಲ್ಲ. ಕೇರಸ್ ವಿಲ್ಸನ್‌ಗೆ ಅದು ಅನ್ಯಾಯವೇ. ಆತ ಪಾಠ ಕಲಿತನೆಂಬುದಕ್ಕೂ ಆಧಾರವಿದೆ: 1833ರಲ್ಲಿ ಶಾಲೆಯನ್ನು ಕ್ಯಾಸ್ಟರ್ಟನ್‌ನ ಹೆಚ್ಚು ಆರೋಗ್ಯಕರವಾದ ಜಾಗಕ್ಕ ಒಯ್ದರು, ಅದು ಅಲ್ಲಿ ಬೆಳೆದು, 2013ರಲ್ಲಿ ಮತ್ತೊಂದು ಶಾಲೆಯೊಡನೆ ಕೂಡಿಹೋಗುವವರೆಗೆ ಬಾಳಿತು. ಆದರೆ ಗಂಜಿ ಸೀದಿತ್ತೆ ಇಲ್ಲವೆ, ಕಾಲು ಒದ್ದೆಯಾಗಿತ್ತೆ ಇಲ್ಲವೆ, ಅಕ್ಕನ ತೋಳನ್ನು ಯಾರು ಎಳೆದರು, ಇವನ್ನು ತಿಳಿಯಲು ಎಂಟು ವರ್ಷ ಧಾರಾಳವಾಗಿ ಸಾಕು. ದಾನಿಗಳ ಪಟ್ಟಿಯಲ್ಲಿ ಆ ವಿವರ ಎಂದಿಗೂ ಸಿಕ್ಕದು. ಹತ್ತೊಂಬತ್ತನೆಯ ಶತಮಾನದ ಹೆಣ್ಣುಮಕ್ಕಳ ಶಾಲೆಗಳ ಬಗ್ಗೆ ವರದಿಗಳು ಎಷ್ಟೋ ಉಳಿದಿವೆ. ಅವನ್ನು ಬರೆದವರು ಬಹುಪಾಲು ನಡೆಸಿದವರೇ. ಬೆಂಕಿಯ ಬಳಿ ಎರಡನೆಯ ಸಾಲಿನ ಹಿಂದೆ ನಿಂತವಳು ಬರೆದದ್ದು ಅಪರೂಪ.

ಇನ್ನು ಒಂದು ಸಂಗತಿ ಉಳಿದಿದೆ. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೌವನ್ ಬ್ರಿಜ್ ಬಿಟ್ಟ ಐದೂವರೆ ವರ್ಷಗಳ ಮೇಲೆ, 1831ರ ಜನವರಿಯಲ್ಲಿ, ಶಾರ್ಲೆಟ್ ಮತ್ತೊಂದು ವಸತಿಶಾಲೆಗೆ ಸೇರಿದಳು. ಮರ್‌ಫೀಲ್ಡ್ ಬಳಿಯ ರೋ ಹೆಡ್, ನಡೆಸುತ್ತಿದ್ದವಳು ಮಾರ್ಗರೆಟ್ ವೂಲರ್. ಹತ್ತರಷ್ಟೂ ಹುಡುಗಿಯರಿಲ್ಲದ, ಮನೆಯಂತಿದ್ದ ಶಾಲೆ. ಒಳ್ಳೆಯ ಊಟ, ಒಳ್ಳೆಯ ಮಾತು. ಹದಿನಾಲ್ಕು ವರ್ಷದ ಶಾರ್ಲೆಟ್ ಹಳೆಯ ಮಾದರಿಯ ಉಡುಪಿನಲ್ಲಿ, ಪುಸ್ತಕಕ್ಕೆ ಮೂಗು ತಾಗಿಸಿ ಓದುವ ಸಮೀಪದೃಷ್ಟಿಯ ಹುಡುಗಿಯಾಗಿ ಅಲ್ಲಿಗೆ ಬಂದಳು. ಇಲ್ಲಿಯೂ ಮೊದಲಲ್ಲಿ ಅವಳಿಗೆ ವ್ಯಾಕರಣ ಬಾರದು, ಭೂಗೋಳ ಬಾರದು. ಒಂದೂವರೆ ವರ್ಷದಲ್ಲಿ ತರಗತಿಗೆ ಮೊದಲಿಗಳಾಗಿ ಬೆಳ್ಳಿಯ ಪದಕವನ್ನು ಪಡೆದು ಹೊರಟಳು. ಒಂದೇ ಹುಡುಗಿ, ಒಂದೇ ಗುರಿ, ಬೇರೆಯಾದದ್ದು ಮನೆಯೊಡತಿಯ ಸ್ವಭಾವ ಎಂದುಬಿಡಬಹುದೇನೋ. ಆದರೆ ಅಲ್ಲಿನ ಶುಲ್ಕವೂ ಬೇರೆಯಾಗಿತ್ತು, ಅದನ್ನು ತೆತ್ತವರು ಅವಳ ಹಿತೈಷಿಗಳು ಎಂಬುದನ್ನು ಮರೆಯಬಾರದು.

ರಾತ್ರಿ ಮಲಗುವ ಕೋಣೆಯಲ್ಲಿ ಕಥೆ ಹೇಳುವುದರಲ್ಲಿ ಶಾರ್ಲೆಟ್‌ಳನ್ನು ಮೀರಿಸುವವರಿರಲಿಲ್ಲ. ಒಮ್ಮೆ ನಿದ್ದೆಯಲ್ಲಿ ನಡೆಯುವವನೊಬ್ಬನ ಕಥೆ ಹೇಳಿ ಹುಡುಗಿಯರನ್ನು ನಡುಗಿಸಿಬಿಟ್ಟಿದ್ದಳು. ತೀರಿಹೋದ ಅಕ್ಕಂದಿರ ವಿಷಯವನ್ನೂ ಆಗಾಗ ಎತ್ತುತ್ತಿದ್ದಳು. ಅವರಂಥ ಜಾಣರೂ ಕರುಣಾಳುಗಳೂ ಇರಲಿಲ್ಲವೆಂಬಂತೆ ಮಾತನಾಡುತ್ತಿದ್ದಳು. ಒಂದು ದಿನ ಬೆಳಗ್ಗೆ ಗೆಳತಿ ಮೇರಿ ಟೇಲರ್‌ಗೆ ತಾನು ಕಂಡ ಕನಸನ್ನು ಹೇಳತೊಡಗಿದಳು. ನಿನ್ನನ್ನು ಕರೆಯುತ್ತಿದ್ದಾರೆ ಎಂದು ಯಾರೋ ಹೇಳಿದರಂತೆ. ನಡುಮನೆಗೆ ಹೋಗಿ ನೋಡಿದರೆ ಅಲ್ಲಿ ಮರಿಯಾ ಮತ್ತು ಎಲಿಜಬೆತ್. ಅಲ್ಲಿಗೆ ನಿಲ್ಲಿಸಿದಳು. ಮೇರಿ ಆತುರದಿಂದ, ಮುಂದೆ ಹೇಳು, ಇಲ್ಲದಿದ್ದರೆ ಕಟ್ಟಿ ಹೇಳು, ನಿನಗೆ ಬರುತ್ತದೆಂದು ನನಗೆ ಗೊತ್ತು ಎಂದು ಒತ್ತಾಯಿಸಿದಳು. ಶಾರ್ಲೆಟ್ ಒಪ್ಪಲಿಲ್ಲ. ಈ ಕನಸು ಬೀಳದೆ ಇದ್ದಿದ್ದರೇ ಚೆನ್ನಾಗಿತ್ತು ಎಂದಳು. ಅಕ್ಕಂದಿರು ಬದಲಾಗಿಬಿಟ್ಟಿದ್ದರಂತೆ, ಹಿಂದೆ ಯಾವುದರಲ್ಲಿ ಪ್ರೀತಿಯಿತ್ತೋ ಅದನ್ನೆಲ್ಲ ಮರೆತಿದ್ದರಂತೆ, ಹೊಸ ಮಾದರಿಯ ಬೆಲೆಬಾಳುವ ಉಡುಪು ತೊಟ್ಟು ಬಂದು, ಆ ಕೋಣೆ ಚೆನ್ನಾಗಿಲ್ಲವೆಂದು ಹುಳುಕು ಎತ್ತಿ ಆಡತೊಡಗಿದರಂತೆ.